ಅಪಾಯದ ಹಲಗೆಗೆ ತೂಗುಹಾಕಿದ ಪ್ಯಾಂಟು

ತ್ರಾಸಿ
ಮೇ ೪, ೨೦೦೩

ಪ್ರಿಯ ಧನ್ಯಾ,

ದೇವರ ಮೇಲೆ ಆಣೆಯಿಟ್ಟು, ಬುದ್ಧಿ ಸ್ವಾಧೀನದಲ್ಲಿರುವಾಗಲೇ, ಯಾರ ಒತ್ತಾಯಕ್ಕೂ ಒಳಗಾಗದೆ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ನಿನ್ನ ತಾಯಿಯ ಒಡಹುಟ್ಟಿದ ಅಣ್ಣನೂ, ಕುಂದಾಪುರದ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕನೂ, ಊರಿನ ಸನ್ಮಾನ ಸಮಾರಂಭಗಳಲ್ಲಿ ನೀತಿಯ ಬಗ್ಗೆ ಮಾತಾಡಲು ಕರೆಸಿಕೊಳ್ಳುವವನೂ ಆದ ಪ್ರೇಮಾನಂದನೆಂಬ ನಾನು, ಕಳೆದ ವಾರ ಹಾಡಹಗಲೇ ಸಾರ್ವಜನಿಕ ಸ್ಥಳದಲ್ಲಿ ಪರಪುರುಷರ ಪ್ಯಾಂಟುಗಳನ್ನು ಕದ್ದಿದ್ದೇನೆ.

ನಗಬೇಡ. ಇದು ಗಂಭೀರ ಅಪರಾಧ. ನಡೆದದ್ದು ಹೀಗೆ.

ಬೇಸಿಗೆ ರಜೆಯಲ್ಲವೇ, ಸಂಜೆ ಬಿಸಿಲಿರುವಾಗಲೇ ಗಾಳಿ ತಿನ್ನಲು ಮರವಂತೆಗೆ ಹೋಗಿದ್ದೆ. ಒಂಟಿ ಮನುಷ್ಯನ ಮನೆಯಲ್ಲಿ ತಿನ್ನಲು ಬೇರೇನು ಸಿಗುತ್ತದೆ? ನಿನಗೆ ಗೊತ್ತೇ ಇದೆ, ಅಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಉಸಿರು ಬಿಗಿಹಿಡಿದ ಹೈವೇ. ಘಟ್ಟದ ಮೇಲಿನಿಂದ ಬಂದ ವ್ಯಾನುಗಳಿಗೆ ಆ ಜಾಗ ಕಂಡ ಕೂಡಲೇ ಬ್ರೇಕು ತಾನಾಗಿ ಬೀಳುತ್ತದೆ. ಮರಳಿನಲ್ಲೊಂದು ಹಲಗೆ ನೆಟ್ಟಿದ್ದಾರೆ, ಕೆಂಪು ಅಕ್ಷರದಲ್ಲಿ: ‘ಅಪಾಯ. ಇಲ್ಲಿ ಕಡಲಿಗೆ ಇಳಿಯಬೇಡಿ.’ ಒಂದು ವ್ಯಾನಿನ ಹುಡುಗರು ಓಡಿ ಬಂದರು. ಹಲಗೆಯನ್ನು ಓದಿದರು, ಅದೂ ಗಟ್ಟಿಯಾಗಿ. ಓದಿ, ಪ್ಯಾಂಟು ಕಳಚಿ, ಅದೇ ಹಲಗೆಗೆ ತೂಗುಹಾಕಿ ನೀರಿಗಿಳಿದರು. ಒಂದು ಪ್ಯಾಂಟಿನ ಕಾಲು ‘ಅ’ ಅಕ್ಷರವನ್ನು ಮುಚ್ಚಿ, ‘ಪಾಯ’ ಮಾತ್ರ ಕಾಣುತ್ತಿತ್ತು. ಪಾಯ ಭದ್ರವಾಗಿದೆ ಅಂದುಕೊಂಡರೋ ಏನೋ.

ಕಡಲಿಗೆ ತೀರ ಉಂಟು, ಈ ಜನರ ಆಸೆಗೆ ತೀರವಿಲ್ಲ. ತೀರಾ ಮುಂದೆ ಹೋದವರು ತೀರಿಕೊಳ್ಳುತ್ತಾರೆ. ನಾನು ಕೂಗಿದೆ. ಅವರು ಟಾಟಾ ಮಾಡಿದರು. ಆಗ ನನಗೊಂದು ಜ್ಞಾನೋದಯವಾಯಿತು: ಗಂಡಸು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವುದು ಪ್ಯಾಂಟಿನ ಜೇಬನ್ನು. ಹಲಗೆಯಲ್ಲಿದ್ದ ಅಷ್ಟೂ ಪ್ಯಾಂಟುಗಳನ್ನು ತೋಳಿಗೆ ಹಾಕಿಕೊಂಡು, ಒಂದನ್ನು ಬಾವುಟದ ಹಾಗೆ ಬೀಸುತ್ತಾ ರಸ್ತೆಯ ಕಡೆ ನಡೆದೆ. ಅರ್ಜುನನ ಶಂಖಕ್ಕೂ ಅಷ್ಟು ಬೇಗ ಸೈನ್ಯ ಓಡಿ ಬಂದಿರಲಿಕ್ಕಿಲ್ಲ. ಚಡ್ಡಿಯಲ್ಲಿ, ಬೈಯುತ್ತಾ ಬಂದರು. ನಾನು ಅಲ್ಲೇ ಒಂದು ಉಪನ್ಯಾಸ ಬಿಗಿದೆ. “ಉಪ್ಪು ತಿಂದವ ನೀರು ಕುಡಿಯಬೇಕು ಅಂತ ಗಾದೆ; ಇಲ್ಲಿ ಎರಡೂ ಒಟ್ಟಿಗೇ ಸಿಗ್ತದೆ” ಅಂದೆ. ಬೈಯುತ್ತಿದ್ದವರು ನಗತೊಡಗಿದರು.

ಮೂವತ್ತು ವರ್ಷ ಪಾಠ ಹೇಳಿ ಒಬ್ಬನನ್ನೂ ಉದ್ಧಾರ ಮಾಡದವನು ಅರ್ಧ ಗಂಟೆಯಲ್ಲಿ ಇಡೀ ವ್ಯಾನನ್ನು ಉಳಿಸಿದೆ. ಅದೂ ನನ್ನ ಪಂಚೆಯ ಅಂಚಿಗೆ ಒಂದು ಹನಿ ತಾಗದೆ. ಮಳೆಗಾಲದಲ್ಲಿ ಬಾರ್ಕೂರಿನ ಹೊಳೆ ದಾಟಿದವನು ನಾನು, ಬೇಕಿದ್ದರೆ ಹಾರಿಯೇ ಬಿಡುತ್ತಿದ್ದೆ, ಬೇಕಾಗಲಿಲ್ಲ. ಬೀಚಿಗೊಬ್ಬ ಪ್ಯಾಂಟುಗಳ್ಳನನ್ನು ನೇಮಿಸಬೇಕೆಂದು ಸರಕಾರಕ್ಕೆ ಬರೆಯುವವನಿದ್ದೇನೆ.

ಅಂದಹಾಗೆ ನಿನ್ನಮ್ಮ ಪಟ್ಟು ಹಿಡಿದಿದ್ದಾಳೆ. ಮದುವೆಯಾದ ಮೊದಲ ವರ್ಷ ಆಷಾಢದ ಕರ್ಕಾಟಕ ಅಮಾವಾಸ್ಯೆಗೆ ಹೊಸ ಜೋಡಿ ಮರವಂತೆಯಲ್ಲಿ ಕಡಲಲ್ಲೂ ಹೊಳೆಯಲ್ಲೂ ಮಿಂದು ದೇವರಿಗೆ ಕೈ ಮುಗಿಯಬೇಕಂತೆ. ಬನ್ನಿ. ಅಳಿಯ ಶೈಲೇಶನಿಗೆ ಪಂಚೆಯಲ್ಲಿ ಬರಲು ಹೇಳು. ಪ್ಯಾಂಟಿನಲ್ಲಿ ಬಂದರೆ ನಾನು ಹೊಣೆಯಲ್ಲ.

ಇಂತು, ಇನ್ನೂ ಸೆರೆಸಿಕ್ಕದ
ನಿನ್ನ ಪ್ರೇಮಾನಂದ ಮಾವ


ಡೊಂಬಿವಿಲಿ
ಮೇ ೧೯, ೨೦೦೩

ಪ್ರೀತಿಯ ಕಳ್ಳ ಮಾವನಿಗೆ,

ಕಾಗದ ಓದಿ ಹೊಟ್ಟೆ ಹುಣ್ಣಾಯಿತು. ಇವರು ಮುಂಬಯಿಯಲ್ಲೇ ಹುಟ್ಟಿ ಬೆಳೆದವರಲ್ಲವೇ, ಮಾತು ನಮ್ಮೂರಿನದೇ ಆದರೂ ಕನ್ನಡ ಅಕ್ಷರ ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ಅವರ ಈಜು ಕ್ಲಬ್ಬಿನ ಗೆಳೆಯರೂ ಕುಳಿತಿದ್ದರು, ಹಿಂದಿಯಲ್ಲಿ ಅನುವಾದ ಮಾಡಬೇಕಾಯಿತು. ‘ಪ್ಯಾಂಟ್‌ಚೋರ್ ಮಾಮಾ’ ಎಂದು ಕ್ಲಬ್ಬಿನಲ್ಲೆಲ್ಲ ನೀವು ಪ್ರಸಿದ್ಧರು.

ಅಮಾವಾಸ್ಯೆಗೆ ಬರುತ್ತೇವೆ. ಇವರಿಗೆ ಅಮ್ಮನಿಗಿಂತ ಹೆಚ್ಚು ಉಮೇದು. ಬರೀ ಮಿಂದು ಬರುವುದಲ್ಲ, ತೆರೆ ಮುರಿಯುವ ಜಾಗ ದಾಟಿ ಆಚೆಗೆ ಈಜಬೇಕಂತೆ. ಮದುವೆಯ ಊಟದಲ್ಲಿ ನೀವು ಪಕ್ಕದಲ್ಲಿ ಕುಳಿತು ಬಾರ್ಕೂರು ಹೊಳೆಯ ಕಥೆ ಹೇಳಿದ್ದೀರಲ್ಲ, ಕೈ ಬೀಸಿ ಬೀಸಿ ತೋರಿಸಿ ಅವರ ಎಲೆಗೆ ಪಾಯಸ ಚೆಲ್ಲಿದ್ದೀರಲ್ಲ, ಅದು ಇವರ ತಲೆಯಿಂದ ಹೋಗಿಲ್ಲ. “ಮಾವ ಆ ಪ್ರಾಯದಗೆ ಹೊಳಿ ದಾಟಿರೆ, ನಾ ಈ ಪ್ರಾಯದಗೆ ಅಷ್ಟಾರೂ ಮಾಡ್ಕ್ ಅಲ್ದಾ” ಅನ್ನುತ್ತಾರೆ. ಕ್ಲಬ್ಬಿನಲ್ಲಿ ಎರಡು ಪದಕ ಬಂದಿದೆ, ಗೊತ್ತಲ್ಲ. ಗೋಡೆಗೆ ಹಾಕಿದ್ದೇವೆ.

ನಿಮಗೆ ಪ್ಯಾಂಟು ಅವರೇ ಕೈಯಾರೆ ಕೊಟ್ಟು ಇಳಿಯುತ್ತಾರಂತೆ, ಕದಿಯುವ ಶ್ರಮ ಬೇಡ.

ಅಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದಳು. ಮೀನಿನ ನಾಗು ನಿಮ್ಮ ಮನೆಗೆ ತಂದ ಬಂಗುಡೆಯನ್ನು ನೀವು ವಾಪಸು ಕಳಿಸಿದಿರಂತೆ, ಒಮ್ಮೆಯಲ್ಲ, ದಿನವೂ. ಬಂಗುಡೆಯ ವಾಸನೆಗೆ ಉಪನ್ಯಾಸ ಅರ್ಧಕ್ಕೇ ನಿಲ್ಲಿಸಿ ಊಟಕ್ಕೆ ಏಳುವ ಮನುಷ್ಯ ನೀವು. ಹುಷಾರಿದ್ದೀರಾ?

ನಿಮ್ಮ
ಧನ್ಯಶ್ರೀ


ತ್ರಾಸಿ
ಜೂನ್ ೮, ೨೦೦೩

ಪ್ರಿಯ ಧನ್ಯಾ,

ಮೊದಲು ಮೀನಿನ ಪ್ರಶ್ನೆ. ವಯಸ್ಸಾಯಿತು, ಸಾತ್ವಿಕನಾಗುತ್ತಿದ್ದೇನೆ. ಇಷ್ಟು ವರ್ಷ ಮೀನು ನನ್ನನ್ನು ಸಾಕಿತು, ಇನ್ನು ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಕಲ್ಲವೇ. ಆ ವಿಷಯ ಇಲ್ಲಿಗೆ ಬಿಡು.

ಎರಡನೆಯದು ಶೈಲೇಶನ ಈಜು. ಇಲ್ಲಿ ನಾನು ತಮಾಷೆ ಮಾಡುತ್ತಿಲ್ಲ. ನಾನು ತಮಾಷೆ ಮಾಡುತ್ತಿಲ್ಲ ಎಂದರೆ ಅದೇ ದೊಡ್ಡ ತಮಾಷೆಯಂತೆ ಕೇಳಿಸುತ್ತದೆ. ಈ ಕಾಯಿಲೆ ನನಗೆ ನಾನೇ ಹಚ್ಚಿಕೊಂಡದ್ದು.

ಮಳೆ ಹಿಡಿದಿದೆ. ಮೊನ್ನೆ ನಿನ್ನಮ್ಮನನ್ನು ನೋಡಲು ಯಡ್ತರೆಗೆ ಹೊರಟಿದ್ದೆ. ಮರವಂತೆ ಹತ್ತಿರ ಬರುವಾಗ ಕಡಲು ಬಂಡೆಗಳ ತಡೆಗೋಡೆ ಹಾರಿ ಬಸ್ಸಿನ ಕಿಟಕಿಗೆ ಬಡಿಯಿತು. ಬಸ್ಸಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಾನು ಎದ್ದು ಹೊಳೆಯ ಬದಿಯ ಸೀಟಿಗೆ ಹೋಗಿ ಕುಳಿತೆ. ಯಾರೂ ನೋಡಲಿಲ್ಲ. ಆ ಹಲಗೆ ಇದೆಯಲ್ಲ, ಅದರ ಸುತ್ತಿನ ಮರಳೆಲ್ಲ ಹೋಗಿ ಅದೀಗ ನೀರಿನೊಳಗೆ ನಿಂತಿದೆ. ಸೊಂಟದವರೆಗೆ ಇಳಿದು ತಿರುಗಿ ದಡ ನೋಡುತ್ತಿರುವ ಮನುಷ್ಯನ ಹಾಗೆ ಕಾಣುತ್ತದೆ.

ಶೈಲೇಶನಿಗೆ ಹೇಳು: ಕೊಳಕ್ಕೆ ನಾಲ್ಕು ಗೋಡೆಗಳಿವೆ. ಯಾವ ಕಡೆ ಹೋದರೂ ಏನೋ ಒಂದು ಕೈಗೆ ಸಿಗುತ್ತದೆ. ಕಡಲಿಗೆ ಒಂದೇ ಗೋಡೆ, ಅದೂ ಬೆನ್ನ ಹಿಂದೆ. ಹೊರಗಿನವರು ಇಳಿಯುವಾಗ ತೆರೆ ಜೋರಾಗಿ ಮುರಿಯುವ ಜಾಗಕ್ಕೆ ಹೋಗುವುದಿಲ್ಲ, ಹೆದರಿಕೆಯಾಗುತ್ತದೆ. ಎರಡು ಬದಿಯಲ್ಲಿ ನೊರೆ, ನಡುವೆ ಒಂದು ಓಣಿಯಷ್ಟು ಅಗಲ ನೀರು ನುಣ್ಣಗೆ, ಸ್ವಲ್ಪ ಕಪ್ಪಗೆ, ಸುಮ್ಮನೆ ಮಲಗಿದ ಹಾಗೆ ಇರುತ್ತದೆ. ಅಲ್ಲಿ ಇಳಿಯುತ್ತಾರೆ. ಮಕ್ಕಳನ್ನೂ ಅಲ್ಲೇ ಇಳಿಸುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗುವ ದಾರಿ ಅದು. ಬಾಗಿಲು ತೆರೆದಿದೆ ಎಂದು ಒಳಗೆ ಹೋಗುತ್ತಾರೆ, ಹೋದ ಮೇಲೆ ಗೊತ್ತಾಗುತ್ತದೆ ಅದು ಹೊರಗೆ ಹೋಗುವ ಬಾಗಿಲೆಂದು. ಆ ಓಣಿ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ನಾನೀಗ ಎಲ್ಲಿ ಕಡಲು ಕಂಡರೂ ಮೊದಲು ಅದನ್ನೇ ಹುಡುಕುತ್ತೇನೆ.

ಮೀಯಲೇಬೇಕೆಂದರೆ ಒಂದು ಉಪಾಯವಿದೆ. ಕೊಡಪಾನದಲ್ಲಿ ಕಡಲ ನೀರು ತರಿಸಿ ರಸ್ತೆ ಬದಿಯಲ್ಲೇ ನಿಮ್ಮಿಬ್ಬರ ತಲೆಗೆ ನಾನು ಹೊಯ್ಯುತ್ತೇನೆ. ಉಪ್ಪು ಅದೇ, ಪುಣ್ಯವೂ ಅದೇ. ಕಣ್ಣು ಉರಿಯುವುದೂ ಅಷ್ಟೇ.

ಒಪ್ಪಿಗೆ ಎಂದು ಬರೆ. ಬೇಗ ಬರೆ.

ನಿನ್ನ
ಮಾವ


ಡೊಂಬಿವಿಲಿ
ಜೂನ್ ೨೨, ೨೦೦೩

ಮಾವ,

ನಿಮ್ಮ ಕಾಗದ ಇವರಿಗೆ ಓದಿ ಹೇಳಿದೆ. ‘ಸೊಂಟದವರೆಗೆ ಇಳಿದ ಹಲಗೆ’ ಕೇಳಿ ನಕ್ಕರು. ಕೊಡಪಾನದ ಮಾತಿಗೆ ಮಾತ್ರ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ. ಮಗುವಿಗೆ ಮೀಸುವ ಹಾಗೆ ತನಗೆ ಮೀಸುವುದಾ ಎಂದು ಕೇಳಿದರು.

ನಾನು ನಿಮ್ಮ ಪರವಾಗಿ ವಾದ ಮಾಡಿದೆ, ಸೋತೆ. ಸೋತದ್ದು ನಿಮ್ಮ ಮೊದಲಿನ ಕಾಗದದಿಂದಲೇ. ಇವರು ಹೇಳಿದ್ದು ಹೇಳಿದ ಹಾಗೇ ಬರೆಯುತ್ತೇನೆ: “ನಿನ್ ಮಾವ ಪ್ಯಾಂಟ್ ತೋರ್ಸಿರ್ ಕೂಡ್ಲೆ ಅಷ್ಟೂ ಜನ ಎದ್ದ್ ಬಂದ್ರ್ ಅಲ್ದಾ? ಬಪ್ಪುಕೆ ಮನ್ಸ್ ಮಾಡ್ರೆ ಬಪ್ಪುಕಾತ್ತ್ ಅಂದ್ರೆ, ಅದ್ ಎಂಥಾ ಅಪಾಯ?” ಇದಕ್ಕೆ ಉತ್ತರ ನಿಮ್ಮಲ್ಲಿ ಇದೆಯಾ?

ರೈಲಿನ ಟಿಕೆಟ್ ಆಗಿದೆ. ಕ್ಲಬ್ಬಿನ ಇಬ್ಬರು ಗೆಳೆಯರೂ ಬರುತ್ತಾರೆ, ಮಳೆಗಾಲದ ಕಡಲು ನೋಡಬೇಕಂತೆ. ನಾನೂ ಇವರ ಕೈ ಹಿಡಿದು ಇಳಿಯುವುದೆಂದು ತೀರ್ಮಾನಿಸಿದ್ದೇನೆ. ಜೋಡಿಯಾಗಿ ಮೀಯಬೇಕಲ್ಲವೇ, ಒಬ್ಬರು ಕಡಲಲ್ಲಿ ಒಬ್ಬರು ಕೊಡಪಾನದಲ್ಲಿ ಎಂದರೆ ದೇವರಿಗೂ ಲೆಕ್ಕ ತಪ್ಪುತ್ತದೆ.

ನೀವು ಯಾಕೆ ಹೀಗೆ ಹೆದರಿಸುತ್ತೀರಿ? ಮೊದಲ ಕಾಗದದ ಮಾವ ಎಲ್ಲಿ ಹೋದರು? ನನಗೆ ಅವರೇ ಬೇಕು.

ಧನ್ಯಶ್ರೀ


ಯಡ್ತರೆ
ಜುಲೈ ೨, ೨೦೦೩

ಅಣ್ಣನಿಗೆ ಉಮಾವತಿ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂತು. ಧನ್ಯಾಳ ಜಾತಕದಲ್ಲಿ ನೀರಿನ ಗಂಡಾಂತರ ಉಂಟು, ಬರುವುದನ್ನು ತಪ್ಪಿಸು ಎಂದು ಬರೆದಿದ್ದೀಯಲ್ಲ. ಜಾತಕ ಎಂದರೆ ಮೂಗು ಮುರಿಯುವ ನಿನಗೆ ಯಾವಾಗಿನಿಂದ ಗ್ರಹಗಳ ಪರಿಚಯವಾಯಿತು? ಅವಳ ಜಾತಕ ನನ್ನ ಪೆಟ್ಟಿಗೆಯಲ್ಲಿದೆ, ತೆಗೆದು ನೋಡಿದೆ. ನೀರೂ ಇಲ್ಲ ಬೆಂಕಿಯೂ ಇಲ್ಲ. ಸುಳ್ಳು ಹೇಳುವುದಾದರೆ ನನ್ನ ಹತ್ತಿರ ಹೇಳಬೇಡ.

ನಾವೆಲ್ಲ ಮಿಂದವರೇ. ನಾನೂ ಅವಳ ಅಪ್ಪನೂ ಮಿಂದದ್ದು ಅದೇ ಮರವಂತೆಯಲ್ಲಿ. ದಡದಲ್ಲೇ ಕುಳಿತು, ತೆರೆ ಬಂದು ತಲೆ ಒದ್ದೆ ಮಾಡಿದರೆ ಮುಗಿಯಿತು. ಈಗಿನವರು ಈಜುವುದಕ್ಕೆ ಹೊರಟರೆ ಅದು ನನ್ನ ತಪ್ಪಾ? ನೀರಿನ ವಿಷಯದಲ್ಲಿ ಅವರ ತಲೆ ಕೆಡಿಸಿದ್ದು ಯಾರು ಅಂತ ನನ್ನನ್ನು ಕೇಳಬೇಡ. ನಿನ್ನ ಶೌರ್ಯವೆಲ್ಲ ನನಗೆ ಗೊತ್ತು, ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ, ಇನ್ನೂ ಬಿಡುವುದಿಲ್ಲ.

ನನಗೆ ಹೆದರಿಕೆ ಬೇರೆ. ನಿನ್ನೆ ನಾಗು ಬಂದಿದ್ದಳು. ನಿನ್ನ ಮನೆಯ ಅಂಗಳದ ಹಗ್ಗದಲ್ಲಿ ಒಂದು ನೀಲಿ ಜೀನ್ಸ್ ಪ್ಯಾಂಟು ಒಣಗುತ್ತಿತ್ತಂತೆ. ಮತ್ತೊಂದು ದಿನ ನೀನು ಅದನ್ನು ಇಸ್ತ್ರಿ ಮಾಡುತ್ತಿದ್ದೆಯಂತೆ. “ಮಾಸ್ಟ್ರಿಗೆ ಅದ್ ತೊಡಿಗೂ ಹತ್ತುದಿಲ್ಲ ಅಮ್ಮ” ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಮಳೆ ಹೊಯ್ಯುತ್ತಿದ್ದರೂ ನೀನು ಸಂಜೆ ಸಂಜೆ ಮರವಂತೆಗೆ ಹೋಗಿ ನಿಲ್ಲುತ್ತೀಯಂತೆ, ವ್ಯಾನು ನಿಂತರೆ ಓಡಿಹೋಗಿ ಬಾಗಿಲು ಹಿಡಿದುಕೊಂಡು ಇಳಿಯಬೇಡಿ ಅನ್ನುತ್ತೀಯಂತೆ.

ಏಪ್ರಿಲ್ ಕೊನೆಗೆ ಮರವಂತೆಯಲ್ಲಿ ಒಬ್ಬ ಹುಡುಗ ಹೋದ ಎಂದು ಪೇಪರಿನಲ್ಲಿ ಬಂದಿತ್ತು. ವರ್ಷಕ್ಕೆ ಒಬ್ಬರೋ ಇಬ್ಬರೋ ಹೋಗುತ್ತಾರೆ, ನಾನು ಪುಟ ತಿರುಗಿಸಿದ್ದೆ. ನಾಗು ಹೇಳಿದ ಮೇಲೆ ಆ ದಿನಾಂಕ ನೆನಪಾಯಿತು; ನೀನು ಧನ್ಯಾಳಿಗೆ ಬರೆದ ಪ್ಯಾಂಟಿನ ಕಥೆಯೂ ಅದೇ ವಾರದ್ದು.

ಅಣ್ಣ, ಆ ಪ್ಯಾಂಟು ಯಾರದ್ದು?

ನನಗೆ ಹೇಳದಿದ್ದರೂ ಆ ಮಕ್ಕಳಿಗೆ ಹೇಳು.

ಉಮಾ


ತ್ರಾಸಿ
ಜುಲೈ ೬, ೨೦೦೩

ಶೈಲೇಶ,

ಈ ಕಾಗದ ನಿನಗೆ. ಧನ್ಯಾ ಓದಿ ಹೇಳಲಿ. ಮಧ್ಯದಲ್ಲಿ ನಿಲ್ಲಿಸದೆ ಓದಲಿ.

ಬರಲು ಮನಸ್ಸು ಮಾಡಿದರೆ ಬರಬಹುದಾದರೆ ಅದೆಂಥ ಅಪಾಯ ಎಂದು ಕೇಳಿದ್ದೀ. ಸರಿಯಾದ ಪ್ರಶ್ನೆ. ನನ್ನ ಮೊದಲ ಕಾಗದವನ್ನು ನಂಬಿದ ಯಾರಾದರೂ ಕೇಳಬೇಕಾದ ಪ್ರಶ್ನೆ. ಉತ್ತರ ಏನೆಂದರೆ, ಎಲ್ಲರೂ ಬರಲಿಲ್ಲ.

ಹಲಗೆಯಲ್ಲಿ ಐದು ಪ್ಯಾಂಟುಗಳಿದ್ದವು. ಓಡಿ ಬಂದವರು ನಾಲ್ವರು. ಅವರು ಸೊಂಟದ ಮಟ್ಟದ ನೀರಿನಲ್ಲಿ ಆಡುತ್ತಿದ್ದವರು. ಐದನೆಯವನಿಗೆ ಈಜು ಬರುತ್ತಿತ್ತು, ಆದ್ದರಿಂದ ಅವನು ಮುಂದೆ ಹೋಗಿದ್ದ, ಆ ನುಣ್ಣಗಿನ ಓಣಿಯಲ್ಲಿ. ನೀರು ಅವನನ್ನು ತಾನಾಗಿ ಕರೆದುಕೊಂಡು ಹೋಗುತ್ತಿತ್ತು. ತಾನೇ ಅಷ್ಟು ವೇಗವಾಗಿ ಈಜುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಬೇಕು. ನಾನು ಪ್ಯಾಂಟು ಬೀಸಿದಾಗ ಅವನೂ ತಿರುಗಿ ನೋಡಿದ. ನಾಲ್ವರು ಓಡುವುದನ್ನು ನೋಡಿ ಅವನೂ ದಡದ ಕಡೆ ಈಜತೊಡಗಿದ. ನೇರವಾಗಿ, ಅವಸರದಲ್ಲಿ. ಎಷ್ಟು ಚೆನ್ನಾಗಿ ಈಜುತ್ತಾನೆ ಎಂದು ನನಗೆ ಅನ್ನಿಸಿತು. ತೋಳುಗಳು ಒಂದೇ ಸಮನೆ ಏಳುತ್ತಿದ್ದವು, ಬೀಳುತ್ತಿದ್ದವು. ದಡ ಮಾತ್ರ ಅವನಿಗೆ ಹತ್ತಿರವಾಗುತ್ತಿರಲಿಲ್ಲ.

ಅಂಥ ನೀರು ಎಳೆದಾಗ ಅದರ ಎದುರು ಈಜಬಾರದು. ಅಡ್ಡಕ್ಕೆ, ದಡದ ಉದ್ದಕ್ಕೆ ಸರಿದು ಆ ಓಣಿಯಿಂದ ಹೊರಬರಬೇಕು. ಆಗದಿದ್ದರೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಬಲ ಉಳಿಸಿಕೊಳ್ಳಬೇಕು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದವನೇ ನಿಂತು ಪ್ಯಾಂಟು ಬೀಸಿ ಅವನನ್ನು ಅವಸರ ಮಾಡಿಸಿದೆ.

ಆಮೇಲೆ ಉಪನ್ಯಾಸ ಬಿಗಿದೆ ಎಂದು ಬರೆದಿದ್ದೆನಲ್ಲ, ಅದು ನಿಜ. ಕಡಲ ಕಡೆಗೆ ಬೆನ್ನು ಹಾಕಿ ನಿಂತಿದ್ದೆ. ಮೊದಲು ಬೈದರು. ಉಪ್ಪಿನ ಗಾದೆ ಹೇಳಿದಾಗ ಒಬ್ಬ ನಕ್ಕ. ಉಳಿದವರೂ ನಗಲಿ ಎಂದು ಇನ್ನೊಂದು ಹೇಳಿದೆ. ನಕ್ಕರು. ನನಗೆ ಖುಷಿಯಾಯಿತು, ಮತ್ತೊಂದು ಹೇಳಿದೆ. ಅವರವರ ಪ್ಯಾಂಟು ಅವರವರಿಗೆ ಕೊಟ್ಟೆ. ತೋಳಿನಲ್ಲಿ ಒಂದು ಉಳಿಯಿತು. ಹರಾಜು ಕೂಗುವವನ ಹಾಗೆ ಅದನ್ನು ಎತ್ತಿ ಹಿಡಿದು, ಇದು ಯಾರದ್ದು, ಒಂದು ಸಲ, ಎರಡು ಸಲ ಎಂದೆ. ನಗುತ್ತಿದ್ದವರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನನ್ನ ಭುಜದ ಮೇಲಿಂದ ಕಡಲನ್ನು ನೋಡಿದರು.

ಅವನ ಹೆಸರು ಸುಶಾಂತ್. ಅವರು ಕರೆದದ್ದರಿಂದ ನನಗೆ ಗೊತ್ತು. ತುಂಬ ಹೊತ್ತು ಕರೆದರು.

ಮೀನುಗಾರರು ದೋಣಿ ನೂಕಿದರು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿದರು. ಹುಡುಗರು ಹಾರಲು ಹೋದರೆ ಅವರನ್ನು ಹಿಡಿದು ನಿಲ್ಲಿಸಬೇಕಾಯಿತು. ನನ್ನನ್ನು ಯಾರೂ ಹಿಡಿಯಬೇಕಾಗಲಿಲ್ಲ. ಪಂಚೆಗೆ ಹನಿ ತಾಗಲಿಲ್ಲ ಎಂದು ಬರೆದಿದ್ದೆ. ಆ ಕಾಗದದಲ್ಲಿ ಪೂರ್ತಿ ನಿಜವಾದ ಸಾಲು ಅದೊಂದೇ.

ಅವನು ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಅವನ ಅಪ್ಪ ಬಂದು ಹಲಗೆಯ ಬುಡದಲ್ಲಿ ಕುಳಿತಿದ್ದರು. ಆ ಗಡಿಬಿಡಿಯಲ್ಲಿ ಯಾರೂ ಕೇಳದೆ ಉಳಿದ ಪ್ಯಾಂಟು ನನ್ನ ಕೈಚೀಲದಲ್ಲಿತ್ತು. ಹತ್ತಿರದವರೆಗೆ ಹೋದೆ. ಇದು ನಿಮ್ಮ ಮಗನದ್ದು ಎಂದರೆ, ನಿಮ್ಮ ಹತ್ತಿರ ಹೇಗೆ ಬಂತು ಎಂದು ಕೇಳುತ್ತಾರಲ್ಲವೇ. ಅವರು ತಲೆಯೆತ್ತಿ, ಸಮಯ ಎಷ್ಟಾಯಿತು ಎಂದು ಕೇಳಿದರು. ಹೇಳಿದೆ. ವಾಪಸು ಬಂದೆ.

ನಾಗು ಬಂಗುಡೆ ತಂದಳು. ಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. “ನಮ್ಮನೆಗೂ ಈ ವಾರ ಒಲಿ ಮೇಲ್ ಮೀನ್ ಇಡ್ಲಿಲ್ಲ ಮಾಸ್ಟ್ರೆ” ಅಂದಳು. ಕಡಲು ಯಾರನ್ನಾದರೂ ಇಟ್ಟುಕೊಂಡಾಗ ಇಲ್ಲಿಯವರಿಗೆ ಗಂಟಲಲ್ಲಿ ಮೀನು ಇಳಿಯುವುದಿಲ್ಲ. ಅವಳಿಗೆ ವಾರ ಕಳೆದ ಮೇಲೆ ಇಳಿಯಿತು. ನನಗೆ ಇನ್ನೂ ಇಳಿದಿಲ್ಲ.

ಹಾಗಾದರೆ ಆ ಕಾಗದ ಯಾಕೆ ಬರೆದೆ? ನಾಲ್ವರ ಕಥೆ ಬರೆದು ಅಂಚೆಗೆ ಹಾಕಿದರೆ ಐದನೆಯವನು ಇರಲೇ ಇಲ್ಲ ಎಂದಾದೀತು ಅನ್ನಿಸಿತು. ಧನ್ಯಾ ನಗುತ್ತಾಳೆ, ನಕ್ಕರೆ ಅದೇ ನಡೆದದ್ದು ಎಂದಾಗುತ್ತದೆ. ನನ್ನ ಕಸುಬೇ ಅದಲ್ಲವೇ. ಅದು ನಿನ್ನನ್ನು ಕಡಲಿಗೆ ಕರೆಯುವ ಕಾಗದವಾದೀತೆಂದು ಹೊಳೆಯಲಿಲ್ಲ. ಈಗ ಅಮಾವಾಸ್ಯೆಗೆ ನೀನು ಇಳಿಯುತ್ತೀ, ಅವಳು ನಿನ್ನ ಕೈ ಹಿಡಿದಿರುತ್ತಾಳೆ. ನಾನು ದಡದಲ್ಲಿ ನಿಂತು ಏನು ಬೀಸಲಿ?

ಇಳಿಯಬೇಡ. ಇದನ್ನು ಹೇಳಲು ನನ್ನಲ್ಲಿ ಬೇರೆ ಚಂದದ ಮಾತಿಲ್ಲ.

ಪ್ರೇಮಾನಂದ


ಡೊಂಬಿವಿಲಿ
ಜುಲೈ ೧೫, ೨೦೦೩

ಮಾವ,

ನಿಲ್ಲಿಸದೆ ಓದಲಿ ಎಂದಿದ್ದಿರಿ. ನನ್ನಿಂದ ಆಗಲಿಲ್ಲ. ಹರಾಜಿನ ಜಾಗದಲ್ಲಿ ನಿಂತೆ. ಆಮೇಲೆ ಉಳಿದದ್ದು ಓದಿದೆ.

ಮೂರನೆಯ ದಿನ ಇವರು ಕೊಳದಿಂದ ಬಂದವರೇ ತಲೆಯನ್ನೂ ಒರೆಸಿಕೊಳ್ಳದೆ, ಬರೆ ಎಂದರು. ಇನ್ನು ಮುಂದೆ ಇವರು ಹೇಳಿದ್ದು, ನಾನು ಬರೆದದ್ದು.

“ಮಾವ, ನಾ ಕಡ್ಲಿಗ್ ಇಳಿತಿಲ್ಲೆ. ಕೊಡಪಾನದ್ ನೀರಗೇ ಮೀತೆ. ದೋಸ್ತಿಗಳಿಗೂ ಬಪ್ಪುದ್ ಬ್ಯಾಡ ಅಂದೆ. ಆ ಹುಡ್ಗ ನೇರ ಈಜಿದ ಅಂದ್ ಬರ್ದಿರಿ ಅಲ್ದಾ. ನಾನಾರೂ ನೇರವೇ ಈಜ್ತಿದ್ದೆ. ನಂಗೆ ಕಲ್ಸಿದ್ದೇ ಅದ್, ಎದ್ರಿಗ್ ಗೋಡಿ ಇತ್ತ್, ಜೋರ್ ಹೋಗಿ ಮುಟ್ಟುದ್ ಅಂದ್. ಇವತ್ ಕೊಳದಗೆ ಕಣ್ಣ್ ಮುಚ್ಚಿ ಈಜಿದೆ, ಗೋಡಿ ಸಿಕ್ಕುದಿಲ್ಲ ಅಂದ್ಕಂಡ್. ಅರ್ಧದಗೇ ಎದ್ದ್ ಬಂದೆ.

“ಆ ಪ್ಯಾಂಟ್ ಅವ್ನ್ ಅಪ್ಪನಿಗೆ ಕೊಡ್ಕ್. ನಾವ್ ಬಂದ್ ಮೇಲೆ ಒಟ್ಟಿಗೇ ಹೋಪ. ನೀವ್ ಒಬ್ರೇ ಹೋಪುದ್ ಬ್ಯಾಡ.

“ಒಂದ್ ಮಾತ್ ಕೇಂತೆ, ಬೇಜಾರ್ ಮಾಡ್ಬೇಡಿ. ಬಾರ್ಕೂರ್ ಹೊಳಿ ಮಳಿಗಾಲದಗೆ ಈಜಿದವ್ರ್ ನೀವ್. ಅವತ್ ಅವ ಕಣ್ಣಿಗ್ ಕಾಂಬಷ್ಟ್ ಹತ್ರ ಇದ್ದ. ನೀವ್ ಎಂತಕೆ ಇಳಿಲಿಲ್ಲ?”

ಈ ಕೊನೆಯದನ್ನು ಬರೆಯುವುದಿಲ್ಲ ಎಂದೆ. ಬರೆಯಲೇಬೇಕು ಎಂದರು. ಬರೆದಿದ್ದೇನೆ. ಕ್ಷಮಿಸಿ.

ಧನ್ಯಾ


ತ್ರಾಸಿ
ಜುಲೈ ೧೯, ೨೦೦೩

ಪ್ರಿಯ ಶೈಲೇಶ,

ನಿನ್ನ ಕಾಗದವನ್ನು ಮಡಚಿ ಆ ಪ್ಯಾಂಟಿನ ಮೇಲೆ ಇಟ್ಟಿದ್ದೇನೆ. ಬಾ, ಒಟ್ಟಿಗೆ ಹೋಗೋಣ. ಸಮಯ ಎಷ್ಟಾಯಿತು ಎಂದು ಅವರು ಮತ್ತೆ ಕೇಳಿದರೆ ನೀನು ಪಕ್ಕದಲ್ಲಿರುತ್ತೀ.

ಕೊಡಪಾನ ತೊಳೆದು ಇಟ್ಟಿದ್ದೇನೆ. ತಾಮ್ರದ್ದು, ನಿನ್ನ ತಲೆಗೆ ತಾಗದಂತೆ ಹೊಯ್ಯುವುದು ನನ್ನ ಜವಾಬ್ದಾರಿ. ಕಡಲಿನಿಂದ ನೀರು ತುಂಬಿಸಿ ತರಲು ನಾಗುವಿನ ಗಂಡ ಒಪ್ಪಿದ್ದಾನೆ. ನಾನು ತರುವುದಿಲ್ಲ. ಯಾಕೆ ಇಳಿಯಲಿಲ್ಲ ಎಂದು ಕೇಳಿದ್ದೀಯಲ್ಲ, ಆ ಮಾತಿಗೇ ಬರುತ್ತಿದ್ದೇನೆ.

ಹೆದರಿದೆ ಎಂದು ಬರೆದರೆ ಅರ್ಧ ಸತ್ಯ. ಅಷ್ಟಕ್ಕೇ ನಿಲ್ಲಿಸಲು ನಿನ್ನೆಯೆಲ್ಲ ಪ್ರಯತ್ನಿಸಿದೆ. ಹೆದರಿದ ಈಜುಗಾರ ಎಂದರೆ ಅಷ್ಟಿಷ್ಟು ಮರ್ಯಾದೆ ಉಳಿಯುತ್ತದೆ. ಆದರೆ ಮದುವೆಯ ಊಟದಲ್ಲಿ ನಾನು ಕೈ ಬೀಸಿ ತೋರಿಸಿದ್ದೆಲ್ಲ ಪಾಯಸದಲ್ಲಿ ಈಜಿದ್ದು ಮಾತ್ರ. ಒಂದು ಬದಿ ಕಡಲು, ಒಂದು ಬದಿ ಹೊಳೆ ಇರುವ ಊರಿನ ಬಳಿ ಇಡೀ ಆಯುಷ್ಯ ಕಳೆದ ನಿನ್ನ ಮಾವನಿಗೆ ಈಜು ಬರುವುದಿಲ್ಲ. ಮೊಣಕಾಲು ಮುಳುಗುವ ನೀರಿಗೆ ನಾನು ಇಳಿದವನಲ್ಲ.

ಮಳೆಗಾಲದಲ್ಲಿ ಬಾರ್ಕೂರಿನ ಹೊಳೆ ದಾಟಿದ್ದು ಹೌದು. ಕಡವಿನ ದೋಣಿಯಲ್ಲಿ ದಾಟಿದ್ದು. ಆಗ ನಾನು ಮೀಸೆ ಚಿಗುರಿದ ಹೈಸ್ಕೂಲು ಹುಡುಗ, ನಿನ್ನ ಅತ್ತೆ ಉಮಾ ಇನ್ನೂ ಹಲ್ಲು ಬೀಳುವ ಪ್ರಾಯದವಳು. ದೋಣಿ ಒಮ್ಮೆ ವಾಲಿದ ಮೇಲೆ ನಾನು ಕಣ್ಣು ತೆರೆಯಲಿಲ್ಲ. ಆಚೆ ದಡ ಮುಟ್ಟುವವರೆಗೂ ಅವಳ ಲಂಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಅಳುತ್ತಿದ್ದೆ. ಅವಳು ನನ್ನ ತಲೆ ಸವರುತ್ತಾ, ದಡ ಬಂತು ಅಣ್ಣ, ದಡ ಬಂತು ಎಂದು ನಡುನೀರಿನಿಂದಲೇ ಸುಳ್ಳು ಹೇಳುತ್ತಿದ್ದಳು.

ನಿನ್ನ
ಪ್ರೇಮಾನಂದ ಮಾವ